ಉಂಡ ಮೇಲೆ ಹೇಳುವ ಸುದ್ದಿ

ಮ್ಯಾನ್‌ಹಟನ್
ಏಪ್ರಿಲ್ 6, 2025

ಪ್ರೀತಿಯ ಕಮಲತ್ತಿ,

ನಿನ್ನ ಅಪ್ಪಣೆಯಂತೆ ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ. "ಫೋನ್ ಗಂಟಿ ಬಾರ್ಸಿದ್ರ ನಾಯಿ ಹೆದರ್ತದ. ಅದು ಇರೋತನಕಾ ಫೋನ್ ಬಂದ್" ಅಂತ ನಿನ್ನೆ ಬಾಗಿಲಲ್ಲೇ ಘೋಷಣೆ ಮಾಡಿದೆ. ಮೆಸೇಜ್ ಮಾಡಲೇ ಅಂದರೆ ಆ ಪುಟ್ಟ ಅಕ್ಷರ ಬೇಡ ಅಂದೆ. ಧಾರವಾಡ ಬಿಟ್ಟು ಹನ್ನೊಂದು ವರ್ಷವಾಯಿತು, ಪೆನ್ನು ಹಿಡಿದು ಕನ್ನಡ ಬರೆದು ಅದಕ್ಕಿಂತ ಹೆಚ್ಚಾಯಿತು. ತಪ್ಪಿದ್ದರೆ ತಿದ್ದಿಕೊಂಡು ಓದು, ಮಾಮಾನಿಗೆ ತೋರಿಸಬೇಡ.

ಗಿರ್ಮಿಟ್ ಹೇಗಿದ್ದಾನೆ? ಕಾರು ಹೊರಟಾಗ ನಿನ್ನ ಲಿವಿಂಗ್ ರೂಮಿನ ಕಿಟಕಿಯಲ್ಲಿ ಅವನ ಒಂದು ಕಿವಿ ಮಾತ್ರ ಕಾಣುತ್ತಿತ್ತು. ಆ ಕಿವಿ ನೋಡಿಕೊಂಡೇ ರಿವರ್ಸ್ ತೆಗೆದು ನಿನ್ನ ಮೇಲ್‌ಬಾಕ್ಸಿಗೆ ತಾಗಿಸಿದೆ. ಮಾಮಾ ನೋಡಿರಲಿಕ್ಕಿಲ್ಲ.

ನಿನ್ನೆ ಅವಸರದಲ್ಲಿ ಎಲ್ಲ ಹೇಳಲಾಗಲಿಲ್ಲ. ಎರಡು ವರ್ಷದ ಹಿಂದೆ ಶೆಲ್ಟರಿನಿಂದ ತಂದಾಗ ಅವನು ಹೀಗಿರಲಿಲ್ಲ. ಯಾವ ಜಾತಿ ಎಂದು ಕೇಳಿದರೆ ಅವರು ಆರೇಳು ಹೆಸರು ಹೇಳಿದರು, ಅದಕ್ಕೇ ಎಲ್ಲ ಕಲಸಿದ ಚುರುಮುರಿಯ ನೆನಪಾಗಿ ಗಿರ್ಮಿಟ್ ಎಂದು ಕರೆದೆ. ಈ ಜನವರಿಯಿಂದ ನಮ್ಮ ಪಕ್ಕದ ಜಾಗದಲ್ಲಿ ಹೊಸ ಕಟ್ಟಡಕ್ಕೆ ಪಾಯ ಕೊರೆಯುತ್ತಿದ್ದಾರೆ. ನಾನು ಬ್ಯಾಂಕಿಗೆ ಹೋದ ಮೇಲೆ ಅವನು ಐದನೇ ಮಹಡಿಯಲ್ಲಿ ಒಬ್ಬನೇ ಆ ಸದ್ದು ಕೇಳುತ್ತ ಊಳಿಡುತ್ತಾನೆ. ಬಾಗಿಲು ಕೆರೆದು ಉಗುರು ಕಿತ್ತುಕೊಂಡಿದ್ದಾನೆ. ಈಗ ಸೈರನ್ನು, ಕಸದ ಲಾರಿ, ಕೊನೆಗೆ ಟೋಸ್ಟರು ಟಕ್ ಎಂದರೂ ಬಾತ್‌ಟಬ್‌ನಲ್ಲಿ ಹೋಗಿ ಮಲಗುತ್ತಾನೆ. ಬಿಲ್ಡಿಂಗಿನವರು ಕಾಗದ ಕೊಟ್ಟಿದ್ದಾರೆ: ಸೆಪ್ಟೆಂಬರ್ ಮೂವತ್ತರೊಳಗೆ ನಾಯಿ ಸುಮ್ಮನಾಗಬೇಕು, ಇಲ್ಲವೇ ಮನೆಯಲ್ಲಿರಬಾರದು.

ಜೆರಿಕೋದಲ್ಲಿರುವ ನನ್ನ ಗೆಳತಿ ಮಾಳವಿಕಾ ಇಂಥ ನಾಯಿಗಳಿಗೇ ತರಬೇತಿ ಕೊಡುವವಳು. ಮೊದಲು ಅವನನ್ನು ಆ ಸದ್ದಿನಿಂದ ಬಿಡಿಸು, ಆಮೇಲೆ ಕಲಿಸೋಣ ಅಂದಳು. ಅದಕ್ಕೆ ನಿನ್ನ ನೆನಪಾಯಿತು. ಸೆಪ್ಟೆಂಬರಿನ ಹೊತ್ತಿಗೂ ಸುಧಾರಿಸದಿದ್ದರೆ ದೂರದ ಹಳ್ಳಿಯಲ್ಲಿ ಒಂದು ಕುಟುಂಬ ಅವನನ್ನು ಸಾಕಿಕೊಳ್ಳಲು ತಯಾರಿದೆಯಂತೆ. ಒಳ್ಳೆಯ ಜನವಂತೆ. ಅವರು ಎಷ್ಟೇ ಒಳ್ಳೆಯವರಾದರೂ ನನಗೆ ಬೇಡ, ಅತ್ತಿ. ಅವನು ನನ್ನವನು.

ಸದ್ಯಕ್ಕೆ ಇಷ್ಟು ಸಾಕು: ಅವನೇ ಆರಿಸಿಕೊಂಡ ಮೂಲೆಯಲ್ಲಿ ಇರಲಿ, ಎಳೆದು ಹೊರಗೆ ತರಬೇಡ. ಹೆದರಿ ನಿನ್ನ ಹತ್ತಿರ ಬಂದರೆ ಮೈ ಸವರು.

ಊಟಕ್ಕೆ ಕೂಡಲಿಲ್ಲ ಎಂದು ಸಿಟ್ಟಾಗಬೇಡ. ಟ್ರಾಫಿಕ್ ಹೆಚ್ಚಾಗುವ ಮುಂಚೆ ಹೊರಡಬೇಕಿತ್ತು.

ನಿನ್ನ
ಸುಪ್ರಿಯಾ

ಹಿಲ್ಸ್‌ಬರೋ
ಏಪ್ರಿಲ್ 14, 2025

ಚಿರಂಜೀವಿ ಸುಪ್ರಿಯಾಳಿಗೆ ಅತ್ತಿಯ ಆಶೀರ್ವಾದ.

ಕಾಗದ ಬಂತು. ಅಕ್ಷರ ನಿನ್ನ ಅಪ್ಪನದೇ, ನೆಟ್ಟಗೆ ಹೊರಟು ಸಾಲಿನ ತುದಿಯಲ್ಲಿ ಕೆಳಗೆ ಇಳಿಯುತ್ತದೆ. ಮೇಲ್‌ಬಾಕ್ಸು ಓರೆಯಾಗಿದ್ದನ್ನು ಮಾಮಾ ನೋಡಿದ್ದಾರೆ. ಅಂಚೆ ಗಾಡಿಯವನ ಮೇಲೆ ಹಾಕಿ ನಿನ್ನನ್ನು ಉಳಿಸಿದ್ದೇನೆ.

ಟ್ರಾಫಿಕ್ಕಿನ ಮಾತು ನನಗೆ ಹೇಳಬೇಡ. ಶನಿವಾರ ಹನ್ನೆರಡು ಗಂಟೆಗೆ ಎಂಥ ಟ್ರಾಫಿಕ್? ನನ್ನ ಮನೆಯಲ್ಲಿ ಇದ್ದು ಓದಿದ ಹುಡುಗಿ ಈಗ ವರ್ಷಕ್ಕೆ ಒಂದು ಸಲ ಬಂದು, ಚಹಾ ಕುಡಿದು, ಗಡಿಯಾರ ನೋಡಿ ಏಳುತ್ತೀ. ಇರಲಿ, ನಾಯಿಯ ನೆಪದಲ್ಲಾದರೂ ಬಂದೆಯಲ್ಲ.

ನಿನ್ನ ಗಿರ್ಮಿಟ್ ಲಾಂಡ್ರಿ ಕೋಣೆಯಲ್ಲಿ ಡ್ರೈಯರ್ ಹಿಂದಿನ ಸಂದಿಯನ್ನು ಆರಿಸಿಕೊಂಡಿದ್ದಾನೆ. ಅಲ್ಲಿ ನಮ್ಮ ಅವ್ವ ಹೊಲಿದ ಕೌದಿ ಹಾಸಿಕೊಟ್ಟಿದ್ದೇನೆ. ಮಾಮಾ, "ಅಮೇರಿಕಾಕ್ಕ ಬಂದು ನಲವತ್ತು ವರ್ಷಾತು, ಆ ಕೌದಿ ನನಗೊಂದಿನ ಹೊಚ್ಚಲಿಲ್ಲ" ಅಂತ ಗೊಣಗಿದರು. ನೀವೂ ಡ್ರೈಯರ್ ಹಿಂದೆ ಹೋಗಿ ಕೂಡ್ರಿ, ಹೊಚ್ಚುತ್ತೇನೆ ಅಂದೆ.

ಇಲ್ಲಿ ಕೊರೆಯುವ ಸದ್ದಿಲ್ಲ. ಆದರೆ ಹೊಸ ವೈರಿ ಸಿಕ್ಕಿದೆ, ನಮ್ಮ ಕುಕ್ಕರ್. ಮೊದಲ ಸೀಟಿಗೇ ನಾಯಿ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುತ್ತದೆ. ನಮ್ಮ ಮನೆಯಲ್ಲಿ ಏಳೆಂಟು ಸೀಟಿ ಆಗುತ್ತವೆ ಎಂದು ನಿನಗೆ ಗೊತ್ತೇ ಇದೆ. ಬೇಳೆ ಗಂಜಿಯಾಗುತ್ತದೆ ಎಂದು ಮಾಮಾನ ತಕರಾರು. ಬೇಳೆ ಚೆನ್ನಾಗಿ ಬೇಯಲಿ, ಈ ವಯಸ್ಸಿನಲ್ಲಿ ಅಗಿಯುವ ಕೆಲಸ ಕಡಿಮೆಯಾಗುತ್ತದೆ.

ಹೆದರಬೇಡ. ಫಾರ್ಮಸಿಯಲ್ಲಿ ಇಪ್ಪತ್ತೆಂಟು ವರ್ಷ ಪರರ ಔಷಧಿಯ ಲೇಬಲ್ ಬರೆದವಳು ನಾನು. ನಿನ್ನ ಮಾಳವಿಕಾ ಏನು ಬರೆದುಕೊಟ್ಟರೂ ಒಂದು ಚುಕ್ಕೆ ತಪ್ಪದೆ ಮಾಡುತ್ತೇನೆ. ಸೆಪ್ಟೆಂಬರಿಗೆ ನಿನ್ನ ನಾಯಿಯನ್ನು ನಿನಗೆ ಒಪ್ಪಿಸುತ್ತೇನೆ, ಹಳ್ಳಿಯವರಿಗಲ್ಲ.

ಗೋದಿ ಬೆಲ್ಲದ ಮಾದಲಿ ಮಾಡಿ ಪಾರ್ಸೆಲ್ ಕಳಿಸಿದ್ದೇನೆ. ಹಾಲು ತುಪ್ಪ ಹಾಕಿಕೊಂಡು ತಿನ್ನು.

ಕಮಲತ್ತಿ

ಮ್ಯಾನ್‌ಹಟನ್
ಮೇ 3, 2025

ಪ್ರೀತಿಯ ಅತ್ತಿ,

ಮಾದಲಿ ತಲುಪಿತು. ಆಫೀಸಿನಲ್ಲೆಲ್ಲ ಹಂಚಿದೆ. ಎಲ್ಲರೂ ಹೊಗಳಿದರು.

ನಿನ್ನ ಕುಕ್ಕರಿನ ಸುದ್ದಿ ಕೇಳಿ ಮಾಳವಿಕಾಳಿಗೆ ಖುಷಿಯಾಯಿತು. ಹೆದರಿಕೆ ಬಿಡಿಸಲು ನಮ್ಮ ಕೈಯಲ್ಲಿರುವ ಸದ್ದೇ ಒಳ್ಳೆಯದಂತೆ. ಸೈರನ್ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ, ಕುಕ್ಕರ್ ನಾವು ಇಟ್ಟಾಗ ಮಾತ್ರ ಕೂಗುತ್ತದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಫೋನಿನಲ್ಲಿ ಸೀಟಿಯನ್ನು ರೆಕಾರ್ಡ್ ಮಾಡಿಕೊ. ಅಡುಗೆ ಮಾಡುವಾಗ ಅವನನ್ನು ಮಾಮಾ ಹೊರಗೆ ವಾಕಿಂಗ್ ಕರೆದೊಯ್ಯಲಿ, ನಿಜವಾದ ಸೀಟಿ ಸದ್ಯಕ್ಕೆ ಅವನ ಕಿವಿಗೆ ಬೀಳಬಾರದು. ಬೇರೆ ಹೊತ್ತಿನಲ್ಲಿ ರೆಕಾರ್ಡಿಂಗನ್ನು ಬಹಳ ಸಣ್ಣಗೆ, ನಿನಗೆ ಆಗಷ್ಟೇ ಕೇಳಿಸುವಷ್ಟು ಸಣ್ಣಗೆ ಹಚ್ಚು. ಸೀಟಿಗೆ ಜೊತೆಯಾಗಿ ಅವನಿಗೆ ಇಷ್ಟವಾದದ್ದೇನಾದರೂ ತಿನ್ನಲು ಕೊಡು. ಅವನು ಹೆದರದೆ ತಿಂದರೆ ಒಂದು ವಾರದ ಮೇಲೆ ಸದ್ದನ್ನು ಚೂರು ಏರಿಸು. ಬೆದರಿದರೆ ಮತ್ತೆ ಇಳಿಸು. ದಿನಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ.

ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಎಂದು ನಾನು ಅಂದುಕೊಂಡಿದ್ದೆ. ಹಾಗೇನೂ ಇಲ್ಲವಂತೆ. ಆ ವಿಷಯದಲ್ಲಿ ನಿನಗೆ ಪೂರ್ತಿ ಪರವಾನಗಿ.

ಇಲ್ಲಿ ಮನೆ ಖಾಲಿ ಖಾಲಿ ಅನಿಸುತ್ತದೆ. ಬಾತ್‌ಟಬ್ಬಿನಲ್ಲಿ ಅವನ ಕೂದಲು ಇನ್ನೂ ಸಿಗುತ್ತಿದೆ. ಹೇಗಿದ್ದಾನೆ, ಏನು ತಿನ್ನುತ್ತಾನೆ, ಎಲ್ಲ ಬರಿ.

ಸುಪ್ರಿಯಾ

ಹಿಲ್ಸ್‌ಬರೋ
ಮೇ 25, 2025

ಚಿ. ಸುಪ್ರಿಯಾ,

ಎಲ್ಲ ಸುಸೂತ್ರ ನಡೆದಿದೆ. ನೀನು ಹೇಳಿದ ಹಾಗೆ ರೆಕಾರ್ಡಿಂಗ್ ಮಾಡಿ, ನನಗೆ ಆಗಷ್ಟೇ ಕೇಳಿಸುವಷ್ಟು ಹಚ್ಚುತ್ತೇನೆ. ಇಷ್ಟವಾದದ್ದು ಎಂದರೆ ತುಪ್ಪ ಸವರಿದ ಬಿಸಿ ಚಪಾತಿ, ಅದನ್ನೇ ಕೊಡುತ್ತೇನೆ. ಚೆನ್ನಾಗಿ ತಿನ್ನುತ್ತಾನೆ. ನನ್ನನ್ನು ಬಹಳ ಹಚ್ಚಿಕೊಂಡಿದ್ದಾನೆ. ನೀನು ಚಿಂತೆ ಮಾಡದೆ ಕೆಲಸ ನೋಡಿಕೊ.

ಈ ಸಲದ ಮಾದಲಿಗೆ ಒಣಶುಂಠಿ ಜಾಸ್ತಿ ಹಾಕಿದ್ದೇನೆ. ಆಫೀಸಿನವರಿಗೆ ಹಂಚಬೇಡ, ನೀನು ತಿನ್ನು.

ಕಮಲತ್ತಿ

(ಲಕೋಟೆಯೊಳಗೆ ಒಂದು ಚೀಟಿ)

ಸುಪ್ರಿಯಾ, ಕಾಗದವನ್ನು ಅಂಚೆಗೆ ಹಾಕುವ ಕೆಲಸ ನನ್ನದಾದ್ದರಿಂದ ನಾಲ್ಕು ಸಾಲು ಸೇರಿಸುತ್ತಿದ್ದೇನೆ. ನಾಯಿ ಹತ್ತು ದಿನದಿಂದ ಚಪಾತಿ ಮೂಸುತ್ತಿಲ್ಲ. ಚಪಾತಿ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಡ್ರೈಯರ್ ಹಿಂದೆ ಹೋಗುತ್ತದೆ. ತೂಕ ಮೂರು ಪೌಂಡ್ ಇಳಿದಿದೆ. ನಿನ್ನ ಅತ್ತಿ ಹಚ್ಚುವ ಸೀಟಿ ಗ್ಯಾರೇಜಿನಲ್ಲಿರುವ ನನಗೂ ಕೇಳುತ್ತದೆ. ನಿಮ್ಮ ಕುಕ್ಕರ್ ಕೆಟ್ಟಿದೆಯೇ ಎಂದು ಪಕ್ಕದ ಮನೆಯವರು ವಿಚಾರಿಸಿದರು. ನಾನು ಹೇಳಿದರೆ ಉತ್ತರವೇ ಕೊಡುವುದಿಲ್ಲ. ಮದುವೆಯಾಗಿ ನಲವತ್ತೊಂದು ವರ್ಷವಾಯಿತು, ಅದೇನೂ ಹೊಸದಲ್ಲ. ನೀನು ಹೇಳಿ ನೋಡು.
ನಾಗಲಿಂಗಪ್ಪ

ಮ್ಯಾನ್‌ಹಟನ್
ಜೂನ್ 8, 2025

ಅತ್ತಿ,

ಒಂದು ವಾರ ಯೋಚಿಸಿ ಬರೆಯುತ್ತಿದ್ದೇನೆ. ಮಾಮಾ ಎಲ್ಲ ತಿಳಿಸಿದ್ದಾರೆ, ಅವರ ಮೇಲೆ ಹಾರಾಡಬೇಡ.

ನಾಯಿ ಉಪವಾಸ ಬಿದ್ದಿದೆ, ನೀನು "ಚೆನ್ನಾಗಿ ತಿನ್ನುತ್ತಾನೆ" ಅಂತ ಬರೆಯುತ್ತೀ. ಸದ್ದು ಸಣ್ಣಗಿರಲಿ ಎಂದರೆ ಪಕ್ಕದ ಮನೆಗೆ ಕೇಳುವ ಹಾಗೆ ಹಚ್ಚುತ್ತೀ. ಯಾಕೆ? ಬೇಗ ವಾಸಿಯಾಗಲಿ ಎಂದು ಡಬಲ್ ಡೋಸ್ ಕೊಡುತ್ತಿದ್ದೀಯಾ? ನಾಯಿ ನಿನಗೆ ಹೊರೆಯಾಗಿದ್ದರೆ ಹಾಗೆಂದು ಹೇಳಿಬಿಡು. ಫೋನ್ ಬೇಡ ಅಂದಾಗಲೇ ನನಗೆ ಅನುಮಾನವಿತ್ತು. ನನ್ನ ಜೊತೆ ಮಾತಾಡಲು ಇಷ್ಟವಿಲ್ಲ, ಮುಖ ನೋಡಿ ಇಲ್ಲ ಅನ್ನಲಾರದೆ ನಾಯಿಯನ್ನು ಇಟ್ಟುಕೊಂಡೆ ಅಂದುಕೊಂಡೆ.

ಈಗ ರೆಕಾರ್ಡಿಂಗ್ ನಿಲ್ಲಿಸು ಅಂತ ಮಾಳವಿಕಾ ಹೇಳಿದ್ದಾಳೆ. ಜುಲೈ ನಾಲ್ಕರ ಪಟಾಕಿ ಹತ್ತಿರ ಬಂತು. ಅವತ್ತಿಗೆ ಅವನ ಡಾಕ್ಟರು ಬರೆದ ಗುಳಿಗೆ ಪಾರ್ಸೆಲ್‌ನಲ್ಲಿದೆ. ಕಿಟಕಿ ಮುಚ್ಚಿ, ಪರದೆ ಎಳೆದು, ಏನಾದರೂ ಗುಂಯ್‌ಗುಡುವ ಮಷೀನು ಹಚ್ಚಿಡು. ಆಮೇಲೂ ಹೀಗೇ ಇದ್ದರೆ ಆ ಹಳ್ಳಿಯವರಿಗೆ ಹೇಳಬೇಕಾಗುತ್ತದೆ ಅಂದಳು. ನಾನು ಅತ್ತುಬಿಟ್ಟೆ.

ಮಾಳವಿಕಾ ಒಂದು ಪ್ರಶ್ನೆ ಕೇಳಿದ್ದಾಳೆ, ಸರಿಯಾಗಿ ನೆನಪು ಮಾಡಿಕೊಂಡು ಉತ್ತರಿಸು. ಚಪಾತಿ ಕೊಟ್ಟಿದ್ದು ಸೀಟಿ ಆದಮೇಲೋ, ಮುಂಚೆಯೋ?

ಸುಪ್ರಿಯಾ

ಹಿಲ್ಸ್‌ಬರೋ
ಜುಲೈ 6, 2025

ಸುಪ್ರಿಯಾ,

ತಡವಾಗಿ ಉತ್ತರಿಸುತ್ತಿದ್ದೇನೆ. ನಿನ್ನ ಕಾಗದ ನಾಲ್ಕು ಸಲ ಓದಿದೆ. ನಾಯಿ ಹೊರೆ ಅಂತ ಬರೆದ ಸಾಲನ್ನು ಮಾತ್ರ ಇನ್ನೊಮ್ಮೆ ಓದುವುದಿಲ್ಲ.

ಸುಳ್ಳು ಬರೆದದ್ದು ತಪ್ಪು. ನನ್ನ ಕೈಯ ಅನ್ನ ತಿಂದ ಯಾವ ಜೀವವೂ ಇವತ್ತಿನವರೆಗೆ ಬೇಡ ಅಂದಿರಲಿಲ್ಲ. ಈ ನಾಯಿ ನನ್ನ ಚಪಾತಿ ನೋಡಿ ಓಡಿದಾಗ, ಇವನಿಗೆ ನಾನು ಬೇಡವಾದೆ ಅಂದುಕೊಂಡೆ. ಅದನ್ನು ನಿನಗೆ ಬರೆಯಲು ಮನಸ್ಸಾಗಲಿಲ್ಲ.

ನಾಲ್ಕನೇ ತಾರೀಖಿನ ಸಂಗತಿ ಕೇಳು. ಗುಳಿಗೆ ಹೊತ್ತಿಗೆ ಸರಿಯಾಗಿ ಕೊಟ್ಟೆ, ಡ್ರೈಯರಿನಲ್ಲಿ ಮಾಮಾನ ಎರಡು ಕಂಬಳಿ ಹಾಕಿ ತಿರುಗಲು ಬಿಟ್ಟೆ. ಆ ಸಂದಿಯಲ್ಲಿ ನಾನೂ ತುರುಕಿಕೊಂಡು ಕೂತೆ. ಸಂಜೆ ಟೌನಿನವರ ಪಟಾಕಿ ಶುರುವಾಯಿತು. ಅವನ ಬೆನ್ನ ಮೇಲೆ ಕೈ ಇಟ್ಟಿದ್ದೆ. ಮೈ ಜುಮ್ಮೆಂದು ನಡುಗಿದಾಗ, ಓ ಈಗೊಂದು ಹಾರಿತು ಎಂದು ನನಗೆ ಗೊತ್ತಾಗುತ್ತಿತ್ತು. ಹಾಗೆ ಅವನ ಬೆನ್ನಿನ ಮೇಲೆ ಇಡೀ ಊರಿನ ಪಟಾಕಿ ಎಣಿಸಿದೆ. ಮುಕ್ಕಾಲು ಗಂಟೆಯ ಮೇಲೆ ತಲೆ ತಂದು ನನ್ನ ತೊಡೆಯ ಮೇಲಿಟ್ಟ. ಕಾಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ಕೊನೆಗೆ ಮಾಮಾ ಬಂದು ಇಬ್ಬರನ್ನೂ ಎಬ್ಬಿಸಿದರು.

ನಿನ್ನ ಮಾಳವಿಕಾಳ ಪ್ರಶ್ನೆಗೆ ಉತ್ತರ: ಮುಂಚೆ. ಚಪಾತಿ ಕೊಟ್ಟು, ತಿಂದು ಮುಗಿಸಿದ ಮೇಲೆ ಸೀಟಿ ಹಚ್ಚುತ್ತಿದ್ದೆ. ಮತ್ತೆ ಹೇಗೆ ಮಾಡಬೇಕಿತ್ತು? ಹಸಿದ ಹೊಟ್ಟೆಯಲ್ಲಿರುವ ಜೀವವನ್ನು ಹೆದರಿಸುತ್ತಾರೆಯೇ? ಇಪ್ಪತ್ತೆಂಟು ವರ್ಷ ಗುಳಿಗೆ ಡಬ್ಬಿಗಳ ಮೇಲೆ "ಊಟದ ನಂತರ" ಎಂದು ಬರೆದ ಕೈ ಇದು. ಅದಕ್ಕೂ ಮುಂಚೆ ನಮ್ಮ ಅವ್ವ ಕಲಿಸಿದ್ದು. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಮಣ್ಣು ಮಾಡುವವರೆಗೆ ನಮ್ಮಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಅದಕ್ಕೇ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಮೊದಲು ಉಣ್ಣಿಸುತ್ತಾರೆ, ಆಮೇಲೆ ಹೇಳುತ್ತಾರೆ. ನಿನ್ನ ಅಪ್ಪ ಹೋದ ಸುದ್ದಿ ಬಂದಾಗ ನಿನಗೂ ಹಾಗೇ ಮಾಡಿದೆನಲ್ಲ? ಕಾಲೇಜಿನಿಂದ ಬಂದೆ, ಮಾದಲಿ ಬಡಿಸಿದೆ, ಹೊಟ್ಟೆ ತುಂಬ ಉಂಡ ಮೇಲೆ ಹೇಳಿದೆ. ಇಲ್ಲದಿದ್ದರೆ ಅಷ್ಟು ದೂರದ ವಿಮಾನದಲ್ಲಿ ನೀನು ಹೇಗೆ ತಡೆದುಕೊಳ್ಳುತ್ತಿದ್ದೆ?

ಇದರಲ್ಲಿ ನಾಯಿಗೆ ಏನು ತಪ್ಪು ಕಂಡಿತೋ ನನಗೆ ತಿಳಿಯಲೊಲ್ಲದು.

ಕಮಲತ್ತಿ

ಮ್ಯಾನ್‌ಹಟನ್
ಜುಲೈ 13, 2025

ಅತ್ತಿ,

ನಾಯಿಗೆ ಏನು ಕಂಡಿತು ಎಂದು ನನಗೆ ಗೊತ್ತು. ಮಾಳವಿಕಾಳನ್ನು ಕೇಳುವ ಅಗತ್ಯವೇ ಬೀಳಲಿಲ್ಲ.

ಸೀಟಿ ಮೊದಲು ಆಗಿ ಆಮೇಲೆ ಚಪಾತಿ ಬಂದರೆ, ಸೀಟಿ ಕೇಳಿದಾಗ ನಾಯಿ ಚಪಾತಿಗೆ ಕಾಯುತ್ತದೆ. ಚಪಾತಿ ಮೊದಲು ಬಂದು ಆಮೇಲೆ ಸೀಟಿಯಾದರೆ, ಚಪಾತಿ ಕಂಡಾಗಲೇ ನಡುಕ ಶುರುವಾಗುತ್ತದೆ. ತುಪ್ಪದ ವಾಸನೆ ಬಂತೆಂದರೆ ಹಿಂದೆಯೇ ಕೆಟ್ಟದ್ದೇನೋ ಬರುತ್ತದೆ ಎಂದು ಅವನು ಕಲಿತುಬಿಟ್ಟ. ಅವನಿಗೆ ನಿನ್ನ ಮೇಲೆ ಮುನಿಸಿಲ್ಲ.

ನಾನೂ ಅದನ್ನೇ ಕಲಿತೆ, ಅತ್ತಿ. ಹತ್ತು ವರ್ಷದಿಂದ ಹೇಳಬೇಕು ಅಂತ ಇದ್ದದ್ದನ್ನು ಇವತ್ತು ಬರೆದುಬಿಡುತ್ತೇನೆ. ಅವತ್ತು ಜನವರಿಯ ಹಿಮದಲ್ಲಿ ನೆನೆದುಕೊಂಡು ಬಂದಿದ್ದೆ. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಮಾದಲಿ ಯಾಕೆ ಅಂತ ಕೇಳಿದೆ. "ಸುಮ್ಮ ಉಣ್ಣವಾ" ಅಂದೆ ನೀನು. ಪರೀಕ್ಷೆಯ ಮಾರ್ಕ್ಸು ಹೇಳುತ್ತ, ನಗುತ್ತ ಉಂಡೆ. "ಇನ್ನೊಂಚೂರು ತುಪ್ಪಾ ಹಾಕತ್ತಿ" ಅಂತ ತಟ್ಟೆ ಮುಂದೆ ಮಾಡಿದೆ. ಅಷ್ಟು ಹೊತ್ತಿಗಾಗಲೇ ಮಾಮಾ ಟಿಕೆಟ್ ಮಾಡಿಸಿದ್ದರು. ಅಪ್ಪ ಹೋಗಿ ಆರು ತಾಸಾಗಿತ್ತು, ನಾನು ಎರಡನೇ ಸಲ ತುಪ್ಪ ಹಾಕಿಸಿಕೊಂಡು ಉಣ್ಣುತ್ತಿದ್ದೆ. ವಿಮಾನದಲ್ಲಿ ಇಪ್ಪತ್ತು ತಾಸು ನಾನು ಅಪ್ಪನಿಗಾಗಿ ಅತ್ತದ್ದಕ್ಕಿಂತ ಆ ತುಪ್ಪಕ್ಕಾಗಿ ಅತ್ತದ್ದೇ ಹೆಚ್ಚು.

ಅಲ್ಲಿಂದ ಮಾದಲಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ನೀನು ಕಳಿಸಿದ್ದೆಲ್ಲ ಆಫೀಸಿಗೆ ಹೋಗಿದೆ. ನಿನ್ನ ಮನೆಯಲ್ಲಿ ನೀನು ತಟ್ಟೆ ಹಾಕಿ "ಕೂಡು" ಅಂದರೆ ಸಾಕು, ಇವಳು ಈಗ ಏನು ಹೇಳುತ್ತಾಳೋ ಎಂದು ಕಾರಿನ ಕೀ ಹುಡುಕತೊಡಗುತ್ತೇನೆ. ಟ್ರಾಫಿಕ್ಕಿನ ನೆಪ ಅದಕ್ಕೇ. ನನ್ನದೂ ಒಂದು ಡ್ರೈಯರಿನ ಸಂದಿ ಅನ್ನು.

ಇದನ್ನು ಬರೆಯುವಾಗ, ಹತ್ತು ವರ್ಷದಲ್ಲಿ ಒಮ್ಮೆಯೂ ಹೊಳೆಯದ್ದು ಹೊಳೆಯಿತು. ಅವತ್ತು ನೀನು ಏನು ಉಂಡಿದ್ದೆ? ನಿನಗೂ ಅಣ್ಣನಲ್ಲವೇ ಹೋದದ್ದು? ಒಡಹುಟ್ಟಿದವನ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು, ನೀನು ಒಂದು ತುತ್ತೂ ಉಣ್ಣದೆ, ಒಲೆಯ ಮುಂದೆ ನಿಂತು ಚಪಾತಿ ಬೇಯಿಸಿ ಕುಟ್ಟಿ ಬೆಲ್ಲ ಬೆರೆಸಿದೆಯಲ್ಲ ಅತ್ತಿ. ನನ್ನ ಮಾರ್ಕ್ಸು ಕೇಳಿ ನಕ್ಕೆಯಲ್ಲ.

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಆಗಲೂ ಇರಲಿಲ್ಲ. ಹೆದರಿಕೆ ಇತ್ತು.

ಇನ್ನೊಂದು ಮಾತು. ಪಟಾಕಿ ಹಾರಿದ್ದು ನಾಯಿಯ ಬೆನ್ನು ನಡುಗಿದಾಗ ಗೊತ್ತಾಯಿತು ಅಂತ ಬರೆದಿದ್ದೀ. ನಿನಗೆ ಕೇಳಿಸಲಿಲ್ಲವೇ? ಏಳು ಸೀಟಿ, ಗ್ಯಾರೇಜಿನವರೆಗೆ ಹೋಗುವ ರೆಕಾರ್ಡಿಂಗು, ಫೋನ್ ಬಂದ್. ಏನಿದ್ದರೂ ಬರಿ. ನನಗೆ ಮೊದಲು ಉಣ್ಣಿಸಬೇಡ.

ಸುಪ್ರಿಯಾ

ಹಿಲ್ಸ್‌ಬರೋ
ಜುಲೈ 20, 2025

ಸುಪ್ರಿಯಾ,

ಮೊದಲು ಸುದ್ದಿ. ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ನೀನು ನಾಯಿ ತರುವ ಒಂದು ತಿಂಗಳ ಮುಂಚೆ ಪರೀಕ್ಷೆ ಮಾಡಿಸಿದ್ದೆ. ಸಣ್ಣ ದನಿ, ಸೀಟಿ, ಗಂಟೆ, ಹಕ್ಕಿ, ಇವೆಲ್ಲ ಹೋಗಿವೆ. ಎರಡೂ ಕಿವಿಗೆ ಮಷೀನು ಬೇಕು ಅಂದರು. ಫೋನಿನಲ್ಲಿ ನಿನ್ನ ದನಿ ನೀರೊಳಗಿಂದ ಬಂದ ಹಾಗೆ ಬರುತ್ತಿತ್ತು, ಅರ್ಧಕ್ಕೆ ಹೂಂ ಹೂಂ ಅನ್ನುತ್ತಿದ್ದೆ. ಕುಕ್ಕರಿನದು ಆರನೆಯದೋ ಏಳನೆಯದೋ ಸೀಟಿಗೆ ಹಬೆ ಕಣ್ಣಿಗೆ ಬಿದ್ದರೆ ಆರಿಸುತ್ತಿದ್ದೆ. "ನಿನಗೆ ಆಗಷ್ಟೇ ಕೇಳಿಸುವಷ್ಟು" ಅಂತ ನೀನು ಬರೆದೆ, ನಾನು ಅಷ್ಟೇ ಹಚ್ಚಿದೆ. ಆ ಬಡಪ್ರಾಣಿಯ ಕಿವಿಯಲ್ಲಿ ಅದು ಏನಾಗಿರಬೇಡ.

ಯಾಕೆ ಹೇಳಲಿಲ್ಲ? ಸದ್ದಿಗೆ ಹೆದರುವ ನಾಯಿಯನ್ನು ಸದ್ದು ಕೇಳದವಳ ಕೈಗೆ ಯಾರು ಕೊಡುತ್ತಾರೆ? ಹತ್ತು ವರ್ಷದಲ್ಲಿ ನೀನು ನನ್ನನ್ನು ಕೇಳಿದ್ದು ಇದೊಂದೇ ಸಹಾಯ. ಇಲ್ಲ ಅನ್ನಲಾಗಲಿಲ್ಲ. ನೀನು ಮತ್ತೆ ಮತ್ತೆ ಬರುತ್ತೀ ಎಂಬ ಆಸೆಯೂ ಇತ್ತು.

ಮಾಮಾನಿಗೆ ನಿನ್ನೆ ಹೇಳಿದೆ. "ಅಯ್ಯ, ನನ್ನ ಮ್ಯಾಲಿನ ಸಿಟ್ಟಿಗೆ ಉತ್ತರಾ ಕೊಡಂಗಿಲ್ಲ ಅನ್ಕೊಂಡಿದ್ನೆಲ್ಲೇ" ಅಂದರು. ಆಮೇಲೆ ಎದ್ದು ಹೋಗಿ ಅವರೇ ಕುಕ್ಕರ್ ಇಟ್ಟರು.

ಇನ್ನು ಮಾದಲಿ. ಅವತ್ತು ನನ್ನ ಕಣ್ಣಿಗೆ ನಿನ್ನ ಹೊಟ್ಟೆ ಮಾತ್ರ ಕಂಡಿತು. ತಪ್ಪಾಯಿತು ಮಗಳೆ. ನಾನು ಏನು ಉಂಡೆ ಎಂದು ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ. ನಿನ್ನನ್ನು ವಿಮಾನ ಹತ್ತಿಸಿ ಬಂದು, ನಿನ್ನ ತಟ್ಟೆ ತೊಳೆದೆ. ಅಷ್ಟೇ ನೆನಪಿದೆ.

ಈಗ ನಾಯಿಯ ವಿಚಾರ ನೀನು ನಿರ್ಧರಿಸು. ಬಿಡುತ್ತೀಯೋ, ಕರೆದೊಯ್ಯುತ್ತೀಯೋ, ನನಗೆ ಬೇಸರವಿಲ್ಲ ಅಂತ ಬರೆದರೆ ಅದು ಮತ್ತೊಂದು ಸುಳ್ಳಾಗುತ್ತದೆ. ಬೇಸರವಾಗುತ್ತದೆ.

ಕಮಲತ್ತಿ

ಮ್ಯಾನ್‌ಹಟನ್
ಜುಲೈ 27, 2025

ಅತ್ತಿ,

ನಿನ್ನ ಕಾಗದವನ್ನು ಟ್ರೈನಿನಲ್ಲಿ ಓದಿ ನನ್ನ ಸ್ಟೇಷನ್ ದಾಟಿ ಮೂರು ಸ್ಟೇಷನ್ ಮುಂದೆ ಹೋದೆ.

ನಾಯಿ ಅಲ್ಲಿಯೇ ಇರಲಿ, ಮತ್ತೆ ಶುರು ಮಾಡು. ಸದ್ದಿನ ಗುಂಡಿ ಮಾಮಾನ ಕೈಯಲ್ಲಿ, ತಿನಿಸು ನಿನ್ನ ಕೈಯಲ್ಲಿ. ಚಪಾತಿಯನ್ನು ಸದ್ಯಕ್ಕೆ ಬಿಡು, ಅದು ಕೆಟ್ಟಿದೆ. ಹೊಸದೇನಾದರೂ ಕೊಡು. ಮಾಮಾ ಬೆರಳೆತ್ತಿದರೆ ಸೀಟಿ ಆಯಿತು ಎಂದು ಅರ್ಥ. ಬೆರಳು ಕಾಣುವವರೆಗೆ ನಿನ್ನ ಕೈ ಸೆರಗಿನೊಳಗೇ ಇರಬೇಕು. ಎಷ್ಟು ಪ್ರೀತಿ ಉಕ್ಕಿದರೂ ಮೊದಲು ಕೊಡಬಾರದು.

ಮತ್ತೆ, ಕಿವಿಗೆ ಮಷೀನು ಮಾಡಿಸಿಕೊ. ಇದು ಮಾಳವಿಕಾಳ ಮಾತಲ್ಲ, ನನ್ನದು.

ಸುಪ್ರಿಯಾ

ಹಿಲ್ಸ್‌ಬರೋ
ಸೆಪ್ಟೆಂಬರ್ 14, 2025

ಚಿ. ಸುಪ್ರಿಯಾ,

ಮೊದಲು ಸುದ್ದಿ, ಈ ಸಲ ಒಳ್ಳೆಯದು. ನಿನ್ನ ಗಿರ್ಮಿಟ್ ನಿಜವಾದ ಕುಕ್ಕರ್ ಕೂಗುವಾಗ ಅಡುಗೆಮನೆಯಲ್ಲೇ ಕೂತಿರುತ್ತಾನೆ.

ಬೇಯಿಸಿದ ಗೆಣಸಿನ ಚೂರಿನಿಂದ ಶುರು ಮಾಡಿದೆವು. ಮೊದಲ ವಾರ ಮಾಮಾ ಎಷ್ಟು ಸಣ್ಣಗೆ ಹಚ್ಚಿದರೆಂದರೆ ಅವರಿಗೂ ಕೇಳಿಸಿತೋ ಇಲ್ಲವೋ ಎಂದು ನನಗೆ ಗುಮಾನಿ. ಬೆರಳೆತ್ತುತ್ತಿದ್ದರು, ನಾನು ಕೊಡುತ್ತಿದ್ದೆ. ಕೈ ಸೆರಗಿನೊಳಗೆ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಗೊತ್ತೇ? ಅವನು ಕಣ್ಣು ಮೇಲೆ ಮಾಡಿ ನೋಡಿದಾಗ ಎರಡು ಸಲ ಸೋತೆ, ಮಾಮಾ ಗದರಿದರು. ಆಗಸ್ಟ್ ಕೊನೆಗೆ ಕುಕ್ಕರ್ ಇಟ್ಟೆವು, ನಾಯಿಯನ್ನು ಮೊದಲು ಹಿತ್ತಲಲ್ಲಿ ಕೂಡಿಸಿದೆವು, ಆಮೇಲೆ ಲಿವಿಂಗ್ ರೂಮಿನಲ್ಲಿ, ಆಮೇಲೆ ಬಾಗಿಲಲ್ಲಿ. ಹೋದ ಸೋಮವಾರ ಅವನೇ ಒಳಗೆ ಬಂದ. ಈಗ ಚಪಾತಿಯನ್ನೂ ಮತ್ತೆ ತಿನ್ನುತ್ತಾನೆ. ಹೋದ ಮೂರು ಪೌಂಡು ವಾಪಸ್ ಬಂದಿವೆ, ಜೊತೆಗೆ ಇನ್ನೊಂದನ್ನು ಕರೆತಂದಿವೆ.

ಕಿವಿಗೆ ಮಷೀನು ಬಂತು. ಹಾಕಿಕೊಂಡ ಮೊದಲ ದಿನ ಕುಕ್ಕರ್ ಕೂಗಿತು ನೋಡು, ನಾನು ಸೌಟು ಬಿಟ್ಟು ಹಿಂದೆ ಹಾರಿದೆ. ಇಷ್ಟು ಜೋರಾಗಿ ಕೂಗುತ್ತದೆಯೇ ಇದು? ಆ ನಾಯಿಯದೇನೂ ತಪ್ಪಿಲ್ಲ. ಈಗ ಸೀಟಿ ಆದಮೇಲೆ ಮಾಮಾ ನನ್ನ ಬಾಯಿಗೂ ಒಂದು ಗೆಣಸಿನ ಚೂರು ಹಾಕುತ್ತಾರೆ.

ಆದರೆ ಮಷೀನು ದಿನವಿಡೀ ಹಾಕಿಕೊಂಡರೆ ತಲೆ ನೋಯುತ್ತದೆ, ಅಡುಗೆಮನೆಯಲ್ಲಿ ತೆಗೆದಿಡುತ್ತೇನೆ. ಅದಕ್ಕೂ ದಾರಿಯಾಗಿದೆ. ಕುಕ್ಕರ್ ಕೂಗಿದ ಕೂಡಲೇ ಗಿರ್ಮಿಟ್ ಎಲ್ಲಿದ್ದರೂ ಓಡಿ ಬಂದು ನನ್ನ ಮೊಣಕಾಲಿಗೆ ಮೂಗು ಹಚ್ಚುತ್ತಾನೆ, ತನ್ನ ಪಾಲು ಕೊಡು ಎಂದು. ಒಂದು ಸೀಟಿಗೆ ಒಂದು ಸಲ. ಮೂರು ಸಲ ಮೂಗು ತಾಗಿತು ಅಂದರೆ ಒಲೆ ಆರಿಸುತ್ತೇನೆ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಮಾಮಾ ಬೇಳೆ ಹದವಾಗಿದೆ ಅಂದರು.

ಮಾತಿನಂತೆ ನಿನ್ನ ನಾಯಿ ತಯಾರಿದೆ. ಸೆಪ್ಟೆಂಬರ್ ಇಪ್ಪತ್ತೇಳು ಶನಿವಾರ ಬಂದು ಕರೆದುಕೊಂಡು ಹೋಗು. ಕೌದಿಯನ್ನೂ ಕೊಟ್ಟು ಕಳಿಸುತ್ತೇನೆ, ಅದಿಲ್ಲದೆ ಅವನು ಮಲಗುವುದಿಲ್ಲ.

ಕಮಲತ್ತಿ

ಮ್ಯಾನ್‌ಹಟನ್
ಸೆಪ್ಟೆಂಬರ್ 21, 2025

ಪ್ರೀತಿಯ ಅತ್ತಿ,

ಮೊದಲು ಸುದ್ದಿ. ಗಿರ್ಮಿಟ್‌ನನ್ನು ನಾನು ಕರೆದುಕೊಂಡು ಬರುವುದಿಲ್ಲ.

ಪಕ್ಕದ ಕಟ್ಟಡದ ಕೆಲಸ ಇನ್ನೂ ಒಂದೂವರೆ ವರ್ಷ ನಡೆಯುತ್ತದಂತೆ. ಮಾಳವಿಕಾ ಹೇಳುವುದೇನೆಂದರೆ, ಅವನು ಕಲಿತದ್ದು ಒಂದು ಸದ್ದನ್ನು, ಒಂದು ಮನೆಯಲ್ಲಿ, ನಿಮ್ಮಿಬ್ಬರ ಕೈಯಲ್ಲಿ. ಇಲ್ಲಿಗೆ ತಂದು ಆ ಮಷೀನುಗಳ ಪಕ್ಕದಲ್ಲಿ ದಿನವಿಡೀ ಒಬ್ಬನೇ ಬಿಟ್ಟರೆ ಎಲ್ಲ ನೀರಿಗೆ ಹೋಗುತ್ತದೆ. ಎರಡು ದಿನ ಅತ್ತು ವಾದ ಮಾಡಿದೆ, ಬೇರೆ ಮನೆ ಹುಡುಕಿದೆ. ಆಮೇಲೆ ನಿನ್ನ ಮೊಣಕಾಲಿಗೆ ಮೂಗು ಹಚ್ಚುವ ಸಾಲನ್ನು ಮತ್ತೊಮ್ಮೆ ಓದಿದೆ. ಅವನು ನನ್ನವನು ಅಂತ ಏಪ್ರಿಲ್‌ನಲ್ಲಿ ಬರೆದಿದ್ದೆ. ಈಗಲೂ ನನ್ನವನೇ. ನನ್ನವರ ಮನೆಯಲ್ಲಿದ್ದಾನೆ, ಹಳ್ಳಿಯವರ ಮನೆಯಲ್ಲಲ್ಲ.

ಬಿಲ್ಡಿಂಗಿನವರಿಗೆ ನಾಯಿ ಇಲ್ಲ ಅಂತ ಬರೆದುಕೊಟ್ಟೆ.

ಶನಿವಾರ ಬರುತ್ತೇನೆ. ಆ ಶನಿವಾರ, ಮುಂದಿನ ಶನಿವಾರ, ಅದರ ಮುಂದಿನದೂ. ಸಾಮರ್‌ವಿಲ್ ಸ್ಟೇಷನ್ನಿಗೆ ಮಾಮಾನನ್ನು ಕಳಿಸು, ನಾಯಿಯೂ ಕಾರಿನಲ್ಲಿರಲಿ. ಅಲ್ಲಿಗೆ ಬರದಿರಲು ಹತ್ತು ವರ್ಷ ನೆಪ ಹುಡುಕಿದವಳು ನಾನು, ಈಗ ಬರಲು ನೆಪ ಸಿಕ್ಕಿದೆ.

ಹೇಳುವುದೇನಾದರೂ ಇದ್ದರೆ ಬಾಗಿಲಲ್ಲೇ ಹೇಳಿಬಿಡು, ನಾನು ಚಪ್ಪಲಿ ಬಿಡುವ ಮುಂಚೆ. ಏನೂ ಇಲ್ಲದಿದ್ದರೆ ಮಾದಲಿ ಮಾಡು. ಈ ಸಲ ನಿನ್ನ ತಟ್ಟೆಯನ್ನೂ ನನ್ನ ಪಕ್ಕದಲ್ಲಿ ಹಾಕು. ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಒಂದು ಚೂರಿನಿಂದ ಶುರು ಮಾಡೋಣ.

ನಿನ್ನ
ಸುಪ್ರಿಯಾ

ಹಿಲ್ಸ್‌ಬರೋ
ಸೆಪ್ಟೆಂಬರ್ 24, 2025

ಸುಪ್ರಿಯಾ,

ಸುದ್ದಿ ಏನೂ ಇಲ್ಲ.

ಮಾದಲಿಗೆ ಗೋದಿ ಹುರಿದಿಟ್ಟಿದ್ದೇನೆ. ಬಾ.

ಅತ್ತಿ